ಕಣ್ಣು ಹೊಡೆಯುವ ಮೀಟರ್ ಬೋರ್ಡು

ಹತ್ತಿ ಬಿಡಿಸುವ ಕಾಲ ಬಂತೆಂದರೆ ಕಲ್ಲೂರಿನಿಂದ ರಾಯಚೂರಿನ ಎಪಿಎಂಸಿಗೆ ಹೊರಡುವ ಪಿಕಪ್ ಗಾಡಿಗಳಿಗೆ ಹಗಲು ರಾತ್ರಿಯ ಭೇದವಿಲ್ಲ. ಕ್ಯಾಬಿನ್ನಿಗಿಂತ ಎತ್ತರಕ್ಕೆ ಅಂಡಿಗೆ ಹೇರಿಕೊಂಡು, ಸರದಿ ಹಿಡಿಯಲೆಂದು ನಸುಕಿನಲ್ಲೇ ಹೊರಟ ಇಂಥ ಒಂದು ಗಾಡಿಯ ಮೀಟರ್ ಬೋರ್ಡು ದಾರಿಯಲ್ಲಿ ಮಿನುಗತೊಡಗಿತು ಎಂದುಕೊಳ್ಳೋಣ. ಮರುದಿನ ಡ್ರೈವರ್ ಗ್ಯಾರೇಜಿಗೆ ಹೋಗಿ ಹೇಳುತ್ತಾನೆ: “ಮೇಸ್ತ್ರಿ, ಮೀಟರ್ ಲೈಟು ಕಣ್ಣ ಹೊಡ್ಯಾಕತ್ತಾವ್ರಿ.” ಬರುವ ಉತ್ತರವೂ ಗೊತ್ತಿರುವಂಥದ್ದೇ: “ಬ್ಯಾಟ್ರಿ ಮುಗದೈತಿ ತಮ್ಮಾ, ಹೊಸಾದ ಹಾಕಸು.” ಹೊಸ ಬ್ಯಾಟರಿ ಬರುತ್ತದೆ, ಸಾವಿರಾರು ರೂಪಾಯಿ ಹೋಗುತ್ತದೆ, ದೀಪ ಮಾತ್ರ ಮಿನುಗುತ್ತಲೇ ಇರುತ್ತದೆ. ಕೇಳಬೇಕಾಗಿದ್ದ ಪ್ರಶ್ನೆಯನ್ನು ಯಾರೂ ಕೇಳಿರುವುದಿಲ್ಲ: ಮಿನುಗುವುದು ಯಾವ ತಾಳಕ್ಕೆ? ತಗ್ಗಿಗೆ ಬಿದ್ದಾಗಲೋ, ಇಂಡಿಕೇಟರ್ ಹಾಕಿದಾಗಲೋ, ಬ್ರೇಕ್ ತುಳಿದಾಗಲೋ, ಗಾಡಿ ನಿಂತು ಎಂಜಿನ್ ಸಣ್ಣಗೆ ಗುರುಗುಡುವಾಗಲೋ? ಬಾನೆಟ್ ಎತ್ತುವ ಮೊದಲೇ ಅರ್ಧ ರೋಗ ಪತ್ತೆಯಾಗುವುದು ಇಲ್ಲಿ.

ದೀಪ ಮಿನುಗಿದರೆ ದೋಷ ದೀಪದಲ್ಲೇ ಇರುವುದು ಅಪರೂಪ. ತನಗೆ ಎಷ್ಟು ವೋಲ್ಟೇಜ್ ಬಂತೋ ಅಷ್ಟನ್ನು ಅದು ತೋರಿಸುತ್ತಿರುತ್ತದೆ. ಹಳೆಯ ಪಿಕಪ್‌ಗಳಲ್ಲಿ ಮೀಟರಿನ ಹಿಂದೆ ಕೂರುವ ಪುಟ್ಟ ಫಿಲಮೆಂಟ್ ಬಲ್ಬಂತೂ ಇದ್ದದ್ದನ್ನು ದೊಡ್ಡದು ಮಾಡಿ ಹೇಳುವ ಸ್ವಭಾವದ್ದು. ವೋಲ್ಟೇಜ್ ಇಳಿದರೆ ತಂತಿಗೆ ಹರಿಯುವ ಶಕ್ತಿ ಕಡಿಮೆಯಾಗುತ್ತದೆ. ಜೊತೆಗೆ ತಂತಿ ತಣಿಯುವುದರಿಂದ, ಹೊಮ್ಮುವ ಶಕ್ತಿಯಲ್ಲಿ ಕಣ್ಣಿಗೆ ಕಾಣುವ ಪಾಲೂ ಕುಗ್ಗಿ, ಕಾಣದ ಅವಕೆಂಪು ಕಿರಣಗಳ ಪಾಲು ಹೆಚ್ಚುತ್ತದೆ. ಎರಡೂ ಸೇರಿ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತದಂತೆ ಏರಿಳಿಯುತ್ತದೆ. ವೋಲ್ಟೇಜ್ ನೂರಕ್ಕೆ ಹತ್ತು ಇಳಿದರೆ ಬೆಳಕು ನೂರಕ್ಕೆ ಮೂವತ್ತು ಇಳಿಯಿತು ಎಂದು ಲೆಕ್ಕ. ಇಷ್ಟು ಸೂಕ್ಷ್ಮವಾದ ಅಳತೆಯ ಸಾಧನವನ್ನು ಕಂಪನಿಯವರೇ ಡ್ರೈವರನ ಮೂಗಿನ ಮುಂದೆ ಇಟ್ಟು ಕಳಿಸಿದ್ದಾರೆ. ನಾವು ಅದನ್ನು ರಿಪೇರಿ ಮಾಡಲು ಹೊರಡುತ್ತೇವೆ.

ಗಾಡಿಯಲ್ಲಿ ಕರೆಂಟಿನ ಮೂಲಗಳು ಎರಡು. ಒಂದು ಬ್ಯಾಟರಿ: ಆರು ಕೋಶಗಳು, ಒಂದೊಂದರಲ್ಲಿ ಸುಮಾರು 2.1 ವೋಲ್ಟ್, ಪೂರ್ತಿ ಚಾರ್ಜ್ ಆಗಿ ವಿಶ್ರಾಂತಿಯಲ್ಲಿರುವಾಗ ಒಟ್ಟು 12.6. ಇನ್ನೊಂದು ಆಲ್ಟರ್ನೇಟರ್. ನಮ್ಮ ಗ್ಯಾರೇಜುಗಳಲ್ಲಿ ಇಂದಿಗೂ ಅದನ್ನು ಡೈನಮೊ ಎಂದೇ ಕರೆಯುತ್ತಾರೆ. ಎಂಜಿನ್ ಓಡುವಾಗ ಬೆಲ್ಟಿನ ಮೂಲಕ ತಿರುಗುತ್ತ ಅದು 13.8ರಿಂದ 14.4 ವೋಲ್ಟಿನವರೆಗೆ ಕೊಡುತ್ತದೆ. ಅಷ್ಟಕ್ಕೇ ತಡೆದು ನಿಲ್ಲಿಸುವುದು ಅದರೊಳಗಿನ ರೆಗ್ಯುಲೇಟರಿನ ಕೆಲಸ. ಹಾಗಾಗಿ ಓಡುತ್ತಿರುವ ಗಾಡಿಯಲ್ಲಿ ದೀಪಗಳು ಬೆಳಗುವುದು ಆಲ್ಟರ್ನೇಟರಿನ ಕರೆಂಟಿನಿಂದ. ಬ್ಯಾಟರಿ ಆಗ ಕೊಡುವುದಲ್ಲ, ತೆಗೆದುಕೊಳ್ಳುವುದು. ಮಿನುಗುವ ದೀಪಕ್ಕೆ ಮೊದಲ ಮದ್ದಾಗಿ ಬ್ಯಾಟರಿ ಬದಲಿಸುವುದು ಏಕೆ ದುಡುಕು ಎಂಬುದು ಇಷ್ಟರಲ್ಲೇ ಗೊತ್ತಾಗುತ್ತದೆ.

ಮೂಲದಲ್ಲಿ 14 ವೋಲ್ಟ್ ಇದ್ದ ಮಾತ್ರಕ್ಕೆ ದೀಪಕ್ಕೆ 14 ಸಿಕ್ಕೀತೆ? ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳ ಕೊನೆಭಾಗದ ರೈತರಿಗೆ ಇದನ್ನು ವಿವರಿಸಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು ಸುಮಾರು 227 ಕಿಲೋಮೀಟರ್ ಹರಿಯುತ್ತದೆ. ಜಲಾಶಯ ತುಂಬಿ ತುಳುಕುತ್ತಿದ್ದರೂ ಮೇಲ್ಭಾಗದವರು ಎಳೆದುಕೊಂಡಷ್ಟೂ, ಹೂಳು ಕಟ್ಟಿದಷ್ಟೂ ಕೆಳಭಾಗದ ಗೇಜ್ ಇಳಿಯುತ್ತದೆ. ವೈರಿನಲ್ಲೂ ಅದೇ. ಎಳೆಯುವ ಕರೆಂಟು ಮತ್ತು ದಾರಿಯ ರೋಧ, ಇವೆರಡರ ಗುಣಲಬ್ಧದಷ್ಟು ವೋಲ್ಟೇಜ್ ದಾರಿಯಲ್ಲೇ ಕಳೆದುಹೋಗುತ್ತದೆ. ಜರ್ಮನಿಯ ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ಇದು. 0.3 ಓಮ್ ಎಂಬುದು ಕೇಳಲು ಏನೇನೂ ಅಲ್ಲ. ಆದರೆ ಆ ದಾರಿಯಲ್ಲಿ 3.5 ಆಂಪಿಯರ್ ಹರಿದರೆ ಒಂದು ವೋಲ್ಟಿಗಿಂತ ಹೆಚ್ಚು ಮಾಯ. ಬ್ಯಾಟರಿಯ ತಲೆಯ ಮೇಲೆ ಮೀಟರ್ ಇಟ್ಟು “ಹನ್ನೆರಡೂವರೆ ಐತಿ, ಎಲ್ಲಾ ಸರಿ” ಎನ್ನುವುದರಿಂದ ಕೊನೆಯ ದೀಪದ ಕಥೆ ತಿಳಿಯುವುದಿಲ್ಲ.

ಹೋಗುವ ದಾರಿಯಷ್ಟೇ ಮುಖ್ಯ ಮರಳುವ ದಾರಿ. ಪಿಕಪ್‌ನಲ್ಲಿ ಪ್ರತಿ ದೀಪಕ್ಕೂ ಎರಡು ವೈರುಗಳನ್ನು ಬ್ಯಾಟರಿಯವರೆಗೆ ಎಳೆದಿರುವುದಿಲ್ಲ. ಪ್ಲಸ್ ವೈರು ಮಾತ್ರ ಫ್ಯೂಸ್ ಹಾದು ಬರುತ್ತದೆ. ಮೈನಸ್ ಎಂದರೆ ಹತ್ತಿರದ ಒಂದು ಬೋಲ್ಟು. ಅಲ್ಲಿಂದ ಮುಂದೆ ಬಾಡಿ, ಚಾಸಿ, ಎಂಜಿನ್ ಬ್ಲಾಕ್ ಇವೇ ವೈರು. ಮೇಸ್ತ್ರಿಗಳ ಬಾಯಲ್ಲಿ ಇದು ಬಾಡಿ ಅರ್ತ್. ತಾಮ್ರ ಉಳಿಸುವ ಜಾಣ ಉಪಾಯ, ಸಂಶಯವಿಲ್ಲ. ಆದರೆ ಇದರ ಬೆಲೆ ತೆರುವುದು ಬೋಲ್ಟುಗಳು. ಕ್ಯಾಬಿನ್ ಮತ್ತು ಚಾಸಿಯ ನಡುವೆ ರಬ್ಬರಿನ ಬುಷ್‌ಗಳಿವೆ, ಎಂಜಿನ್ನೂ ರಬ್ಬರಿನ ಮೇಲೆಯೇ ಕೂತಿದೆ. ರಬ್ಬರಿನಲ್ಲಿ ಕರೆಂಟು ಹರಿಯದು. ಅದಕ್ಕಾಗಿ ಇವುಗಳ ನಡುವೆ ಹೆಣೆದ ತಾಮ್ರದ ಪಟ್ಟಿಗಳನ್ನು ಬೋಲ್ಟು ಹಾಕಿ ಬಿಗಿದಿರುತ್ತಾರೆ. ಗಾಡಿಯಲ್ಲಿ ಅತಿ ಹೆಚ್ಚು ಕರೆಂಟು ಹೊರುವುದೂ ಈ ಪಟ್ಟಿಗಳೇ, ಅತಿ ಕಡಿಮೆ ಜನ ನೋಡುವುದೂ ಈ ಪಟ್ಟಿಗಳನ್ನೇ.

ಇಲ್ಲಿಗೆ ಬಂದರೆ ರಾಯಚೂರು ಜಿಲ್ಲೆಯ ಮಣ್ಣಿನ ಮಾತು ಆಡಲೇಬೇಕು. ಎರೆ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಅದರ ಮೇಲೆ ಹಾಕಿದ ರಸ್ತೆಯೂ ಅದರೊಂದಿಗೇ ಏಳುತ್ತ ಬೀಳುತ್ತ ಅಲೆಅಲೆಯಾಗುತ್ತದೆ. ಹೊಲದ ದಾರಿಯಲ್ಲಿ ಓಡುವ ಪಿಕಪ್‌ನ ಪ್ರತಿ ಬೋಲ್ಟು, ಪ್ರತಿ ಕಪ್ಲರ್ ದಿನವೂ ಅಲುಗಾಟ ತಿನ್ನುತ್ತದೆ. ಮಳೆಗಾಲದಲ್ಲಿ ಚಾಸಿಗೆ ಮೆತ್ತಿಕೊಂಡ ಎರೆ ಮೇಲೆ ಒಣಗಿದಂತೆ ಕಂಡರೂ ಒಳಗೆ ಬಹುಕಾಲ ತೇವ ಹಿಡಿದಿರುತ್ತದೆ. ತಾಮ್ರದ ಲಗ್, ಉಕ್ಕಿನ ಚಾಸಿ, ನಡುವೆ ಉಪ್ಪಿನಂಶವಿರುವ ತೇವ: ಎರಡು ಬೇರೆ ಲೋಹ ಮತ್ತು ಒಂದು ದ್ರಾವಣ ಸೇರಿದರೆ ಅದೇ ಒಂದು ಪುಟ್ಟ ವಿದ್ಯುತ್ಕೋಶ. ಈ ಕೋಶದಲ್ಲಿ ಸವೆಯುವುದು ಉಕ್ಕು. ಬೋಲ್ಟಿನ ಕೆಳಗೆ ತುಕ್ಕಿನ ತೆಳು ಪದರ ಬೆಳೆಯುತ್ತದೆ. ತುಕ್ಕು ಕರೆಂಟಿಗೆ ಕೆಟ್ಟ ದಾರಿ. ಹೊರಗಿನಿಂದ ನೋಡಿದರೆ ಬೋಲ್ಟು ಬಿಗಿಯಾಗಿಯೇ ಇರುತ್ತದೆ, ಸ್ಪ್ಯಾನರ್ ಹಾಕಿದರೂ ತಿರುಗುವುದಿಲ್ಲ. ಒಳಗೆ ಸಂಪರ್ಕ ಕಡಿದಿರುತ್ತದೆ.

ತಗ್ಗಿಗೆ ಬಿದ್ದಾಗಲೆಲ್ಲ ಮಿನುಗಿ, ನಯವಾದ ರಸ್ತೆಯಲ್ಲಿ ಸುಮ್ಮನಾಗುವ ದೀಪದ ಕಾರಣ ಬಹುಪಾಲು ಇಂಥ ಬೋಲ್ಟು, ಇಲ್ಲವೇ ಸಡಿಲಾದ ಬ್ಯಾಟರಿ ಕ್ಲಾಂಪು, ಇಲ್ಲವೇ ಮೀಟರಿನ ಹಿಂದಿನ ಕಪ್ಲರ್. ಯಾವುದು ಎಂದು ಬೇರ್ಪಡಿಸುವುದು ಸುಲಭ. ಮೀಟರ್ ದೀಪದ ಜೊತೆ ಹೆಡ್‌ಲೈಟೂ ಮಿನುಗಿದರೆ ದೋಷ ಎರಡಕ್ಕೂ ಸಾಮಾನ್ಯವಾದ ದಾರಿಯಲ್ಲಿದೆ, ಅಂದರೆ ಬ್ಯಾಟರಿಯ ಹತ್ತಿರ. ಮೀಟರ್ ಮಾತ್ರ ಮಿನುಗಿದರೆ ಡ್ಯಾಶ್‌ಬೋರ್ಡಿನ ಹಿಂದೆ ಹುಡುಕಬೇಕು. ಭತ್ತ, ಜೋಳದ ಚೀಲ ಹೊರುವ ಗಾಡಿಯಾದರೆ ಇಲಿ ಕಡಿದ ವೈರನ್ನೂ ಅಲ್ಲಿ ಹುಡುಕುವುದು ಒಳ್ಳೆಯದು.

ಇಂಡಿಕೇಟರಿನ ತಾಳಕ್ಕೆ ಮಿನುಗುವ ದೀಪ ಇನ್ನೂ ಸ್ಪಷ್ಟವಾಗಿ ಮಾತಾಡುತ್ತದೆ. ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಸಲ ಹೊತ್ತಿ ಆರುತ್ತದೆ. ಒಂದು ಬದಿಯ ಎರಡು 21 ವಾಟ್ ಬಲ್ಬುಗಳು ಹೊತ್ತಿದಾಗ ಸುಮಾರು ಮೂರೂವರೆ ಆಂಪಿಯರ್ ಹರಿಯುತ್ತದೆ. ಆ ಕರೆಂಟು ಮರಳುವ ದಾರಿ ಮತ್ತು ಮೀಟರ್ ಬೋರ್ಡಿನ ಅರ್ತ್ ಎಲ್ಲೋ ಒಂದು ಕೆಟ್ಟ ಬೋಲ್ಟನ್ನು ಹಂಚಿಕೊಂಡಿದ್ದರೆ, ಮೇಲೆ ಹೇಳಿದ 0.3 ಓಮ್ ಅಲ್ಲಿ ಕೂತಿದ್ದರೆ, ಪ್ರತಿ ಸಲ ಇಂಡಿಕೇಟರ್ ಹೊತ್ತಿದಾಗ ಮೀಟರ್ ದೀಪ ಒಂದು ವೋಲ್ಟಿನಷ್ಟು ಕಳೆದುಕೊಳ್ಳುತ್ತದೆ. ಹದಿಮೂರು ಹನ್ನೆರಡಾಗುತ್ತದೆ, ಬೆಳಕು ಕಾಲು ಭಾಗದಷ್ಟು ಕುಗ್ಗುತ್ತದೆ. ಇಂಥ ದೋಷಕ್ಕೆ ಆಲ್ಟರ್ನೇಟರ್ ಬಿಚ್ಚುವುದೆಂದರೆ ಹೊಟ್ಟೆನೋವಿಗೆ ಹಲ್ಲು ಕಿತ್ತಂತೆ.

ಬ್ರೇಕಿನ ಕಥೆ ಎಲ್ಲಕ್ಕಿಂತ ಸ್ವಾರಸ್ಯದ್ದು. ಹಗಲು ಹೊತ್ತು, ಯಾವ ದೀಪವನ್ನೂ ಹಾಕಿಲ್ಲ. ಬ್ರೇಕ್ ತುಳಿದರೆ ಮೀಟರ್ ಬೋರ್ಡು ಮಂದವಾಗಿ ಹೊತ್ತುತ್ತದೆ! ಪೆಡಲಿನ ಹತ್ತಿರವೇ ಏನೋ ಶಾರ್ಟ್ ಆಗಿದೆ ಎಂದು ಯಾರಿಗಾದರೂ ಅನಿಸೀತು. ದೋಷ ಇರುವುದು ಗಾಡಿಯ ಇನ್ನೊಂದು ತುದಿಯಲ್ಲಿ, ಹಿಂದಿನ ದೀಪದಲ್ಲಿ. ಅಲ್ಲಿನ ಬಲ್ಬಿಗೆ ಒಂದೇ ಗಾಜಿನೊಳಗೆ ಎರಡು ತಂತಿ: ಬ್ರೇಕಿಗೆ 21 ವಾಟಿನದು, ಪಾರ್ಕಿಂಗ್ ದೀಪಕ್ಕೆ 5 ವಾಟಿನದು. ಎರಡಕ್ಕೂ ಅರ್ತ್ ಒಂದೇ. ಚೀಲ ಇಳಿಸುವಾಗ ಪೆಟ್ಟು ತಿಂದು, ಚಕ್ರ ಎರಚಿದ ಕೆಸರಿನಲ್ಲಿ ನೆನೆದು ಆ ಅರ್ತ್ ಕಡಿದುಹೋಗಿದೆ. ಬ್ರೇಕ್ ತುಳಿದಾಗ 21 ವಾಟಿನ ತಂತಿಗೆ ಬಂದ ಕರೆಂಟು ನೆಲ ಸಿಗದೆ 5 ವಾಟಿನ ತಂತಿಯೊಳಗೆ ಹಿಮ್ಮುಖವಾಗಿ ನುಗ್ಗುತ್ತದೆ. ಅಲ್ಲಿಂದ ಪಾರ್ಕಿಂಗ್ ದೀಪದ ವೈರು ಹಿಡಿದು ಗಾಡಿಯ ಉದ್ದಕ್ಕೂ ಮುಂದೆ ಬರುತ್ತದೆ. ಮೀಟರ್ ಬೋರ್ಡಿನ ಬೆಳಕು ಇರುವುದು ಅದೇ ಪಾರ್ಕಿಂಗ್ ಸಾಲಿನಲ್ಲಿ. ಅದರ ಅರ್ತ್ ಸರಿಯಾಗಿದೆ. ಕರೆಂಟಿಗೆ ಕೊನೆಗೂ ಮನೆ ಸಿಕ್ಕಿತು, ಸಿಕ್ಕ ಮನೆಯ ದೀಪವನ್ನು ಅರೆಬರೆ ಹೊತ್ತಿಸಿತು. ಬೆಳಕು ಮಂದವಾಗಿರದೆ ಜೋರಾಗಿಯೇ ಇದ್ದರೆ, ಬಲ್ಬಿನೊಳಗೆ ಒಂದು ತಂತಿ ತುಂಡಾಗಿ ಇನ್ನೊಂದರ ಮೇಲೆ ಬಿದ್ದು ಅಂಟಿಕೊಂಡಿರಬಹುದು. ಬಲ್ಬು ಬಿಚ್ಚಿ ಬೆಳಕಿಗೆ ಹಿಡಿದರೆ ಕಾಣುತ್ತದೆ. ಹೀಗೆ ಹಿಂದಿನ ದೀಪ ಕೆಟ್ಟ ಗಾಡಿ ರಾತ್ರಿ ಲಿಂಗಸುಗೂರು ರಸ್ತೆಯಲ್ಲಿ ಬ್ರೇಕ್ ಹಾಕಿದರೆ ಹಿಂದಿನವನಿಗೆ ತಿಳಿಯುವುದೇ ಇಲ್ಲ. ಮೀಟರ್ ಬೋರ್ಡಿನ ಚಿಲ್ಲರೆ ಕಿರಿಕಿರಿಗೆ ಗಮನ ಕೊಡಬೇಕಾದದ್ದು ಮುಖ್ಯವಾಗಿ ಇದಕ್ಕೆ.

ಇನ್ನು ನಿಂತಲ್ಲೇ ಮಿನುಗುವ ದೀಪ. ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ ಸುಮಾರು 27 ಸ್ಫೋಟ. ಪ್ರತಿ ಸ್ಫೋಟಕ್ಕೂ ಕ್ರ್ಯಾಂಕು ಒಂದಿಷ್ಟು ಮುಂದೆ ಜಿಗಿದು ಮತ್ತೆ ನಿಧಾನವಾಗುತ್ತದೆ. ಅದಕ್ಕೆ ಬೆಲ್ಟಿನಿಂದ ಕಟ್ಟಿಕೊಂಡ ಆಲ್ಟರ್ನೇಟರೂ ಹಾಗೆಯೇ. ವೇಗವಾಗಿ ಓಡುವಾಗ ರೆಗ್ಯುಲೇಟರ್ ಈ ಏರಿಳಿತವನ್ನು ಸರಿಮಾಡಿಬಿಡುತ್ತದೆ. ನಿಂತಾಗ ಆಲ್ಟರ್ನೇಟರಿನ ಶಕ್ತಿಯೇ ಕಡಿಮೆ. ಹೆಡ್‌ಲೈಟು, ಬ್ಲೋವರ್, ಹಾಡಿನ ಡಬ್ಬಿ ಎಲ್ಲವೂ ಒಟ್ಟಿಗೆ ಎಳೆಯುತ್ತಿದ್ದರೆ ಸರಿಮಾಡಲು ಅದರ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಸೆಕೆಂಡಿಗೆ 27 ಏರಿಳಿತ ಕಣ್ಣಿಗೆ ಕಂಡೂ ಕಾಣದ ಅಂಚಿನದು. ನಮ್ಮ ಕಣ್ಣು ಅತಿ ಚುರುಕಾಗಿ ಗುರುತಿಸುವುದು ಸೆಕೆಂಡಿಗೆ ಹತ್ತರ ಆಸುಪಾಸಿನಿಂದ ಇಪ್ಪತ್ತರವರೆಗಿನ ಮಿನುಗನ್ನು. ಪ್ರಕಾಶಮಾನ ದೀಪವಾದರೆ ಐವತ್ತು, ಅರವತ್ತು ದಾಟಿದ ಮೇಲೆ ಮಿನುಗುಗಳು ಕೂಡಿಕೊಂಡು ಒಂದೇ ಬೆಳಕಾಗುತ್ತವೆ. ದೀಪ ಮಂದವಾದಷ್ಟೂ ಈ ಮಿತಿ ಕೆಳಗಿಳಿಯುತ್ತದೆ. ಫೆರಿ ಮತ್ತು ಪೋರ್ಟರ್ ಎಂಬ ಇಬ್ಬರು ನೂರು ವರ್ಷಕ್ಕೂ ಹಿಂದೆಯೇ ಇದನ್ನು ಅಳೆದು ನಿಯಮವಾಗಿಸಿದರು. ಮೀಟರ್ ದೀಪವನ್ನು ಮಂದ ಮಾಡುವ ಗುಂಡಿ ತಿರುಗಿಸಿದಾಗ ಮಿನುಗು ಹೋಯಿತು ಎಂದರೆ ದೋಷ ಹೋಯಿತು ಎಂದಲ್ಲ.

ಈಗ ಒಂದು ಸಿಲಿಂಡರಿನ ಇಂಜೆಕ್ಟರ್ ಸೋತಿದೆ ಎಂದುಕೊಳ್ಳಿ. ಪ್ರತಿ ಎರಡು ಸುತ್ತಿಗೊಮ್ಮೆ ಒಂದು ಸ್ಫೋಟ ಬಲಹೀನ. ಸೆಕೆಂಡಿಗೆ ಆರೇಳು ಸಲ ಎಂಜಿನ್ ಎಡವುತ್ತದೆ, ಮತ್ತು ಅದು ಕಣ್ಣು ತಪ್ಪಿಸಿಕೊಳ್ಳಲಾಗದ ತಾಳ. ಅಂದರೆ ದೀಪ ಮಿನುಗುತ್ತಿದೆ ಎಂದು ಎಲೆಕ್ಟ್ರಿಷಿಯನ್ ಬಳಿಗೆ ಹೋದ ಗಾಡಿ ನಿಜವಾಗಿ ಹೋಗಬೇಕಾದದ್ದು ಡೀಸೆಲ್ ಪಂಪ್ ಮೇಸ್ತ್ರಿಯ ಬಳಿಗೆ. ಎರಡೇ ಸಿಲಿಂಡರಿನ ಗಾಡಿಗಳ ಲೆಕ್ಕ ಬೇರೆ. 2005ರಲ್ಲಿ ಟಾಟಾ ಏಸ್ ಬಂದಾಗ ಅದರಲ್ಲಿದ್ದುದು ಎರಡು ಸಿಲಿಂಡರಿನ ಡೀಸೆಲ್ ಎಂಜಿನ್. 800 ಸುತ್ತಿಗೆ ಸೆಕೆಂಡಿಗೆ 13 ಸ್ಫೋಟ. ಕಣ್ಣಿನ ಅತಿ ಚುರುಕಾದ ವಲಯದ ಮಧ್ಯಕ್ಕೇ ಅದು ಬೀಳುತ್ತದೆ. ಹಾಗಾಗಿ ಇಂಥ ಎಂಜಿನ್ನುಗಳಲ್ಲಿ ನಿಂತಾಗಿನ ನವಿರಾದ ನಡುಕವನ್ನೆಲ್ಲ ರೋಗವೆಂದು ಹೆದರಬೇಕಿಲ್ಲ. ಎಕ್ಸಲರೇಟರ್ ಒತ್ತಿದೊಡನೆ ಹೋಗುತ್ತದೆಯೇ ಎಂಬುದಷ್ಟೇ ಮುಖ್ಯ. ಹೋಗದಿದ್ದರೆ ಬೆಲ್ಟಿನ ಬಿಗಿ ನೋಡಬೇಕು, ಆಮೇಲೆ ಆಲ್ಟರ್ನೇಟರಿನ ಕಾರ್ಬನ್ ಬ್ರಷ್ಷು. ಸವೆದ ಬ್ರಷ್ಷು ಒಮ್ಮೆ ತಾಗಿ ಒಮ್ಮೆ ಬಿಡುವಾಗ ದೀಪ ಯಾವ ತಾಳಕ್ಕೂ ಸಿಗದಂತೆ ಕುಣಿಯುತ್ತದೆ.

ಕಣ್ಣು ಹಿಡಿಯಲಾಗದ್ದನ್ನು ಕಿವಿ ಹಿಡಿಯುವುದೂ ಉಂಟು. ಆಲ್ಟರ್ನೇಟರ್ ಹುಟ್ಟಿಸುವುದು ಮೂರು ಫೇಸಿನ ಎಸಿ. ಅದನ್ನು ಡಿಸಿ ಮಾಡುವುದು ಒಳಗಿನ ಆರು ಸಿಲಿಕಾನ್ ಡಯೋಡುಗಳು. ಒಂದು ಡಯೋಡ್ ಸುಟ್ಟರೆ ಡಿಸಿಯಲ್ಲಿ ಎಸಿಯ ಅಲೆ ಉಳಿದುಬಿಡುತ್ತದೆ. ಹನ್ನೆರಡು ಧ್ರುವಗಳ ಆಲ್ಟರ್ನೇಟರ್ ನಿಮಿಷಕ್ಕೆ 2000 ಸುತ್ತು ತಿರುಗಿದರೆ ಆ ಅಲೆ ಸೆಕೆಂಡಿಗೆ 200 ಸಲ. ಕಣ್ಣಿಗೆ ಅದು ಕಾಣುವ ಮಾತೇ ಇಲ್ಲ. ಸ್ಪೀಕರಿನಲ್ಲಿ ಮಾತ್ರ ಹಾಡಿನ ಹಿಂದೆ ‘ಗುಂಯ್’ ಎಂಬ ರಾಗ ಕೇಳುತ್ತದೆ, ಎಕ್ಸಲರೇಟರ್ ಒತ್ತಿದಂತೆ ಅದರ ಶ್ರುತಿಯೂ ಏರುತ್ತದೆ. ದೀಪ ಸ್ವಲ್ಪ ಮಂಕು, ಸ್ಪೀಕರಿನಲ್ಲಿ ಗುಂಯ್, ರಾತ್ರಿ ನಿಲ್ಲಿಸಿದ ಗಾಡಿಯ ಬ್ಯಾಟರಿ ಬೆಳಗಾಗುವಷ್ಟರಲ್ಲಿ ಇಳಿದಿದೆ: ಮೂರೂ ಕೂಡಿದರೆ ಡಯೋಡಿನ ಮೇಲೆ ಸಂಶಯ ಪಡಲು ಕಾರಣ ಸಾಕು. ಮಲ್ಟಿಮೀಟರನ್ನು ಎಸಿಗೆ ತಿರುಗಿಸಿ, ಎಂಜಿನ್ ಓಡುವಾಗ ಬ್ಯಾಟರಿಯ ಎರಡು ತುದಿಗೆ ಹಿಡಿದು ನೋಡಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆಲ್ಟರ್ನೇಟರ್ ಬಿಚ್ಚುವುದು ನ್ಯಾಯ.

ಇದಕ್ಕೆ ಬದಲು ಹಲವು ಕಡೆ ಇನ್ನೂ ನಡೆಯುವ ಪರೀಕ್ಷೆ ಒಂದಿದೆ: ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಕಿತ್ತು ನೋಡುವುದು. ಎಂಜಿನ್ ನಿಲ್ಲದಿದ್ದರೆ ಡೈನಮೊ ಸರಿ ಇದೆ ಎಂಬ ತೀರ್ಮಾನ. ನಿಜವಾದ ಡೈನಮೊಗಳ ಕಾಲದಲ್ಲಿ ಇದನ್ನು ಮಾಡಿ ಬಚಾವಾದವರು ಇದ್ದಿರಬಹುದು. 1960ರಲ್ಲಿ ಅಮೆರಿಕದ ಕ್ರೈಸ್ಲರ್ ತನ್ನ ವ್ಯಾಲಿಯಂಟ್ ಕಾರಿಗೆ ಆಲ್ಟರ್ನೇಟರ್ ಕೂರಿಸಿದ ಮೇಲೆ ಜಗತ್ತಿನ ಗಾಡಿಗಳೆಲ್ಲ ನಿಧಾನವಾಗಿ ಆ ದಾರಿಗೆ ಬಂದವು. ಚಾರ್ಜ್ ಆಗುತ್ತಿರುವ ಬ್ಯಾಟರಿಯನ್ನು ಥಟ್ಟನೆ ಕಿತ್ತರೆ ಆಲ್ಟರ್ನೇಟರಿನ ಸುರುಳಿಯ ಕಾಂತಕ್ಷೇತ್ರ ಅಷ್ಟೇ ಥಟ್ಟನೆ ಇಳಿಯಲಾರದು. ಹುಟ್ಟಿದ ಕರೆಂಟಿಗೆ ಹೋಗಲು ಜಾಗವಿಲ್ಲ. ವೋಲ್ಟೇಜ್ ಕ್ಷಣಾರ್ಧದಲ್ಲಿ ಹಲವು ಹತ್ತುಗಳಷ್ಟು ಮೇಲೆ ಹಾರುತ್ತದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಮಾಲಿನ್ಯ ನಿಯಮದ ಗಾಡಿಗಳಲ್ಲಿ ಎಂಜಿನ್ ನಡೆಸುವುದೇ ಇಸಿಯು ಎಂಬ ಕಂಪ್ಯೂಟರ್. ಮಿನುಗುವ ದೀಪದ ಕಾರಣ ಹುಡುಕಲು ಹೋಗಿ ಇಸಿಯು ಸುಟ್ಟುಕೊಳ್ಳುವುದಕ್ಕೆ ಇದಕ್ಕಿಂತ ಸುಲಭದ ದಾರಿಯಿಲ್ಲ. ಯಾವ ಮೇಸ್ತ್ರಿ ಟರ್ಮಿನಲ್ಲಿಗೆ ಕೈ ಹಾಕಿದರೂ ಮೊದಲು ಕೀ ತಿರುಗಿಸಿ ಎಂಜಿನ್ ಆರಿಸುವ ಹಕ್ಕು ಗಾಡಿಯವನದು.

ನಮ್ಮ ಹತ್ತಿ ಗಾಡಿಗೆ ಬರೋಣ. ಅದು ಮಿನುಗುವುದು ತಗ್ಗು ಬಿದ್ದಾಗ, ಹೆಡ್‌ಲೈಟಿನ ಸಮೇತ. ಹಾಗಾದರೆ ದೋಷ ಸಾಮಾನ್ಯ ದಾರಿಯಲ್ಲಿ. ಎಂಜಿನ್ ಓಡಿಸಿ, ಹೆಡ್‌ಲೈಟು, ಬ್ಲೋವರ್ ಎಲ್ಲ ಹಾಕಿ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ, ಕ್ಲಾಂಪಿಗಲ್ಲ, ಕಂಬಕ್ಕೇ, ಇನ್ನೊಂದನ್ನು ಕ್ಯಾಬಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಒತ್ತಬೇಕು. ಸರಿಯಾದ ಗಾಡಿಯಲ್ಲಿ 0.1 ವೋಲ್ಟ್ ದಾಟುವುದಿಲ್ಲ. ಇಲ್ಲಿ 0.9 ತೋರಿಸಿತು ಎಂದುಕೊಳ್ಳೋಣ. ಕಡ್ಡಿಯನ್ನು ಕಂಬದಿಂದ ಕ್ಲಾಂಪಿಗೆ, ಕ್ಲಾಂಪಿನಿಂದ ಚಾಸಿಗೆ, ಹೀಗೆ ಒಂದೊಂದೇ ಹೆಜ್ಜೆ ಸರಿಸುತ್ತ ಹೋದರೆ ಸಂಖ್ಯೆ ಎಲ್ಲಿ ಥಟ್ಟನೆ ಇಳಿಯುತ್ತದೋ ಅಲ್ಲಿಯೇ ಕಳ್ಳ. ಇದನ್ನು ಓಮ್ ಅಳತೆಯಲ್ಲಿ ಹುಡುಕಲು ಹೋದರೆ ಮೋಸ ಹೋಗುತ್ತೇವೆ. ಕೇಬಲ್ಲಿನ ನೂರು ಎಳೆಗಳಲ್ಲಿ ಒಂದೇ ಉಳಿದಿದ್ದರೂ ಮಲ್ಟಿಮೀಟರ್ ಸೊನ್ನೆಯ ಹತ್ತಿರವೇ ತೋರಿಸುತ್ತದೆ, ಏಕೆಂದರೆ ಅದು ಪರೀಕ್ಷೆಗೆ ಕಳಿಸುವ ಕರೆಂಟು ಆ ಒಂದು ಎಳೆಗೂ ಭಾರವಲ್ಲ. ಇಪ್ಪತ್ತು ಆಂಪಿಯರ್ ಹರಿಸಿದಾಗ ಮಾತ್ರ ಅದರ ಬಣ್ಣ ಬಯಲಾಗುತ್ತದೆ.

ಕಳ್ಳ ಸಿಕ್ಕ ಮೇಲಿನ ಕೆಲಸ ಅರ್ಧ ಗಂಟೆಯದು. ಎಂಜಿನ್ ಆರಿಸಿ, ಬ್ಯಾಟರಿಯ ಮೈನಸ್ ಮೊದಲು ಬಿಚ್ಚಬೇಕು. ಅರ್ತ್ ಬೋಲ್ಟು ತೆಗೆದು ಚಾಸಿಯ ಮೇಲಿನ ತುಕ್ಕನ್ನೂ ಬಣ್ಣವನ್ನೂ ಉಜ್ಜು ಕಾಗದದಿಂದ ಹೊಳೆಯುವವರೆಗೆ ತಿಕ್ಕಬೇಕು. ಲಗ್ಗಿನ ಎರಡೂ ಮುಖಗಳನ್ನೂ ಕೂಡ. ಹಲ್ಲಿನ ವಾಷರ್ ಹಾಕಿ ಬಿಗಿದು, ಆಮೇಲೆ ಮೇಲಿಂದ ವ್ಯಾಸಲಿನ್ ಅಥವಾ ಗ್ರೀಸ್ ಸವರಬೇಕು. ಬಿಗಿಯುವ ಮೊದಲೇ ಗ್ರೀಸ್ ಮೆತ್ತುವ ಅಭ್ಯಾಸ ಅಷ್ಟು ಒಳ್ಳೆಯದಲ್ಲ, ಮೊದಲು ಲೋಹಕ್ಕೆ ಲೋಹ ತಾಗಲಿ. ಹೆಣೆದ ಪಟ್ಟಿಯ ಎಳೆಗಳು ಹಸಿರುಗಟ್ಟಿ ಪುಡಿಯಾಗುತ್ತಿದ್ದರೆ ಹೊಸ ಪಟ್ಟಿಯೇ ಬೇಕು, ಅದರ ಬೆಲೆ ಹೊಸ ಬ್ಯಾಟರಿಯ ಬೆಲೆಯ ಹತ್ತಿರಕ್ಕೂ ಬಾರದು. ಮತ್ತೆ ಎಲ್ಲ ದೀಪ ಹಾಕಿ ಅಳೆದರೆ 0.05ರ ಆಸುಪಾಸು ಬರಬೇಕು. ಬಾರದಿದ್ದರೆ ಇನ್ನೊಂದು ಬೋಲ್ಟು ಬಾಕಿ ಇದೆ.

ಹೊಸ ಪಿಕಪ್‌ಗಳಲ್ಲಿ ಮೀಟರಿನ ದೀಪ ಎಲ್‌ಇಡಿ. ಫಿಲಮೆಂಟಿನ ಕಾವು ಆರಲು ಒಂದಿಷ್ಟು ಹೊತ್ತು ಬೇಕು, ಅಷ್ಟರಲ್ಲಿ ಸಣ್ಣಪುಟ್ಟ ಏರಿಳಿತ ಮುಚ್ಚಿಹೋಗುತ್ತದೆ. ಎಲ್‌ಇಡಿಗೆ ಆ ತಾಳ್ಮೆಯಿಲ್ಲ, ಆನ್ ಅಂದರೆ ಆನ್, ಆಫ್ ಅಂದರೆ ಆಫ್. ಆದರೆ ಅದರ ಹಿಂದಿರುವ ಸರ್ಕ್ಯೂಟು ಸಣ್ಣ ಏರಿಳಿತವನ್ನು ತಾನೇ ನುಂಗಿಕೊಂಡು, ವೋಲ್ಟೇಜ್ ತೀರಾ ಕುಸಿದಾಗ ಒಮ್ಮೆಲೇ ಕೈಬಿಡುತ್ತದೆ. ಆಗ ಮಿನುಗುವ ಬದಲು ಮುಳ್ಳುಗಳೆಲ್ಲ ಸೊನ್ನೆಗೆ ಬಿದ್ದು, ಎಚ್ಚರಿಕೆಯ ದೀಪಗಳೆಲ್ಲ ಒಟ್ಟಿಗೆ ಹೊತ್ತಿ, ಗಾಡಿ ಈಗಷ್ಟೇ ಚಾಲೂ ಆದಂತೆ ಮೀಟರ್ ಮತ್ತೆ ಶುರುವಾಗುತ್ತದೆ. ಕಾರಣ ಬಹಳ ಸಲ ಅದೇ ಹಳೆಯ ಬೋಲ್ಟು.

ಎಲ್‌ಇಡಿ ಮೀಟರನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಬಂದು “ನೋಡ್ರಿ ಹೆಂಗ ಹೊಡ್ಕೊಳಾಕತ್ತೈತಿ” ಎಂದು ತೋರಿಸುವವರಿದ್ದಾರೆ. ಎಲ್‌ಇಡಿಯನ್ನು ಮಂದ ಮಾಡುವುದೇ ಅದನ್ನು ಸೆಕೆಂಡಿಗೆ ನೂರಾರು ಸಲ ಆರಿಸಿ ಹೊತ್ತಿಸುವ ಮೂಲಕ. ಕ್ಯಾಮೆರಾ ಸೆಕೆಂಡಿಗೆ 30 ಚಿತ್ರ ತೆಗೆಯುವಾಗ ಆ ತಾಳ ಈ ತಾಳಕ್ಕೆ ಹೊಂದದೆ ಪರದೆಯ ಮೇಲೆ ಪಟ್ಟೆಗಳು ಓಡುತ್ತವೆ. ಬರಿಗಣ್ಣಿಗೆ ದೀಪ ಸ್ಥಿರವಾಗಿ ಕಂಡರೆ ಆ ಗಾಡಿಗೆ ಯಾವ ರಿಪೇರಿಯೂ ಬೇಡ.